ಕಾಯುವ ಹೊತ್ತಿನ ಲೆಕ್ಕ

ಡೊಂಬಿವಲಿಯಲ್ಲಿರುವ ನಮ್ಮ ಚಿಕ್ಕಪ್ಪ ಬೆಳಿಗ್ಗೆ ಎದ್ದವರೇ ಮೊದಲು ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದರು. ಆಮೇಲೆ ಮುಖ ತೊಳೆದು, ದೇವರಿಗೆ ದೀಪ ಹಚ್ಚಿ, ಚಾ ಕುಡಿದು ಬಂದು ಕೂತರೆ ಪರದೆಯ ಮೇಲೆ ಐಕಾನ್‌ಗಳು ಆಗಷ್ಟೇ ಒಂದೊಂದಾಗಿ ಮೂಡುತ್ತಿದ್ದವು. ಸಂಘದ ಸ್ಮರಣ ಸಂಚಿಕೆಯ ಕಡತ ತೆರೆಯಲು ಮತ್ತೆರಡು ನಿಮಿಷ. ಅಷ್ಟೂ ಹೊತ್ತು ಪೆಟ್ಟಿಗೆಯೊಳಗಿಂದ ಸಣ್ಣಗೆ ಕಟಕಟ ಸದ್ದು.

"ಇದಕ್ಕೂ ನನ್ನ ಹಾಗೆ ವಯಸ್ಸಾಯಿತು ಮಗಾ. ಹೊಸತೇ ತೆಗೆಯಬೇಕೇನೋ" ಎಂದರು ಒಂದು ದಿನ.

2015ರಲ್ಲಿ ಕೊಂಡ ಯಂತ್ರ ಅದು. ನಾನು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ ತನ್ನ ಶಕ್ತಿಯ ಶೇ. 6ರಷ್ಟನ್ನೂ ಬಳಸುತ್ತಿರಲಿಲ್ಲ. ಅದರ ಕೆಳಗೆ 'ಡಿಸ್ಕ್' ಎಂಬ ಸಾಲಿನಲ್ಲಿ ಮಾತ್ರ ಶೇ. 100 ಎಂದು ಕಾಣುತ್ತಿತ್ತು. ಲೆಕ್ಕ ಮಾಡುವ ಮಿದುಳು ಕೈಕಟ್ಟಿ ಕೂತಿತ್ತು. ಲೆಕ್ಕದ ಪುಸ್ತಕ ತಂದುಕೊಡುವವನಿಗೆ ಉಸಿರು ಹತ್ತಿತ್ತು. "ಚಿಕ್ಕಪ್ಪ, ಯಂತ್ರ ಗಟ್ಟಿಯಾಗಿದೆ. ಡಿಸ್ಕ್ ಒಂದನ್ನು ಬದಲಿಸಿದರೆ ಸಾಕು" ಎಂದೆ.

ಆ ಒಂದು ಬದಲಾವಣೆಯ ಹಿಂದೆ ಎಷ್ಟು ಭೌತವಿಜ್ಞಾನವಿದೆ, ಅದನ್ನು ತಿಳಿದರೆ ಅಂಗಡಿಯಲ್ಲಿ ಆಯ್ಕೆ ಎಷ್ಟು ಸುಲಭವಾಗುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ರೈಲಿನ ವೇಗ, ಪ್ಲಾಟ್‌ಫಾರ್ಮಿನ ಕಾಯುವಿಕೆ

ಹಾರ್ಡ್ ಡಿಸ್ಕ್ ಎಂದರೆ ತಿರುಗುವ ತಟ್ಟೆಗಳ ಯಂತ್ರ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮ್ಯಾಕ್‌ನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅಲ್ಲಿಂದ ಇಲ್ಲಿಯ ತನಕ ತಟ್ಟೆ ಚಿಕ್ಕದಾಗಿದೆ, ಸಾಮರ್ಥ್ಯ ಊಹೆಗೂ ಮೀರಿ ಬೆಳೆದಿದೆ. ಆದರೆ ಮೂಲ ಉಪಾಯ ಅದೇ: ತಟ್ಟೆ ತಿರುಗಬೇಕು, ಒಂದು ತೋಳು ಸರಿದು ಸರಿಯಾದ ಗೆರೆಯ ಮೇಲೆ ನಿಲ್ಲಬೇಕು, ಬೇಕಾದ ಜಾಗ ತೋಳಿನ ತುದಿಯ ಕೆಳಗೆ ಬರುವ ತನಕ ಕಾಯಬೇಕು.

ಈ ಕಾಯುವಿಕೆಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮನೆಯ ಕಂಪ್ಯೂಟರಿನ ಡಿಸ್ಕ್ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಸರಾಸರಿ ಅರ್ಧ ಸುತ್ತಿನಷ್ಟು ದೂರದಲ್ಲಿರುತ್ತದೆ, ಅದಕ್ಕೆ 4.2 ಮಿಲಿಸೆಕೆಂಡು. ತೋಳು ಸರಿಯಲು ಇನ್ನೊಂದು ಎಂಟು ಮಿಲಿಸೆಕೆಂಡು ಸೇರಿಸಿ. ಒಂದು ತುಣುಕು ಮಾಹಿತಿಗೆ ಒಟ್ಟು ಹನ್ನೆರಡು ಮಿಲಿಸೆಕೆಂಡಿನಷ್ಟಾಯಿತು.

ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು ಎನಿಸಬಹುದು. ಆದರೆ ಕಂಪ್ಯೂಟರ್ ಏಳುವಾಗ ಬೇಕಾಗುವುದು ಒಂದು ದೊಡ್ಡ ಕಡತವಲ್ಲ, ಡಿಸ್ಕಿನ ಮೂಲೆಮೂಲೆಗಳಲ್ಲಿ ಚದುರಿದ ಸಾವಿರಾರು ಚಿಕ್ಕ ತುಣುಕುಗಳು. ಹತ್ತು ಸಾವಿರ ತುಣುಕು ಎಂದುಕೊಂಡರೆ ಎರಡು ನಿಮಿಷ ಬರೀ ಕಾಯುವುದರಲ್ಲೇ ಕಳೆಯುತ್ತದೆ. ಸಾಲಿಡ್ ಸ್ಟೇಟ್ ಡ್ರೈವ್‌ನಲ್ಲಿ, ಅಂದರೆ ಎಸ್‌ಎಸ್‌ಡಿಯಲ್ಲಿ, ತಿರುಗುವುದು ಏನೂ ಇಲ್ಲ. ಒಂದು ತುಣುಕನ್ನು ಓದಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅದೇ ಹತ್ತು ಸಾವಿರ ತುಣುಕಿಗೆ ಒಂದು ಸೆಕೆಂಡು.

ಮುಂಬಯಿಯವರಿಗೆ ಇದನ್ನು ಲೋಕಲ್ ರೈಲಿನ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ಚರ್ಚ್‌ಗೇಟಿನಿಂದ ವಿರಾರ್‌ಗೆ 60 ಕಿಲೋಮೀಟರ್. ಅಷ್ಟು ದೂರಕ್ಕೆ ಹೊರಟವನಿಗೆ ಫಾಸ್ಟ್ ಲೋಕಲ್ ಮುಖ್ಯ. ಹತ್ತು ನಿಮಿಷ ಕಾದು ಹತ್ತಿದರೂ ಲಾಭವೇ. ಗ್ರಾಂಟ್ ರೋಡಿನಿಂದ ಮುಂದಿನ ಚರ್ನಿ ರೋಡಿಗೆ ಹೋಗುವವನಿಗೆ ಫಾಸ್ಟ್ ಲೋಕಲ್‌ನಿಂದ ಏನು ಪ್ರಯೋಜನ? ಅವನ ಹೊತ್ತು ಹೋಗುವುದು ಪ್ಲಾಟ್‌ಫಾರ್ಮಿನಲ್ಲಿ. ಸಿನಿಮಾದಂತಹ ದೊಡ್ಡ ಕಡತವನ್ನು ನಕಲು ಮಾಡುವುದು ವಿರಾರ್ ಪ್ರಯಾಣ. ಕಂಪ್ಯೂಟರ್ ಏಳುವುದು, ಬ್ರೌಸರ್ ತೆರೆಯುವುದು, ಪತ್ರ ಹುಡುಕುವುದು ಇವೆಲ್ಲ ಗ್ರಾಂಟ್ ರೋಡ್–ಚರ್ನಿ ರೋಡ್ ಓಡಾಟ, ಅದೂ ಸಾವಿರಾರು ಸಲ. ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಕೆಬಿಯ ತುಣುಕೊಂದರ ಪಯಣಕ್ಕೆ ಒಂದು ಸೆಕೆಂಡು ಹಿಡಿಯಿತು ಎಂದಿಟ್ಟುಕೊಂಡರೆ, ಅದಕ್ಕಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತದ್ದು ಏಳು ನಿಮಿಷ! ಎಸ್‌ಎಸ್‌ಡಿ ಕೊಡುವ ದೊಡ್ಡ ಉಪಕಾರವೆಂದರೆ ಈ ನಿಲ್ಲುವಿಕೆಯನ್ನು ತಪ್ಪಿಸುವುದು.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ಅಂಕಿ ಮಾತ್ರ ವಿರಾರ್ ಪ್ರಯಾಣದ್ದು. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಕೊಲಾಬಾದ ಉಂಗುರಗಳಿಂದ ಎಲೆಕ್ಟ್ರಾನಿನ ಸೆರೆಮನೆಗೆ

ಕಂಪ್ಯೂಟರಿನ ನೆನಪಿಗೂ ಮುಂಬಯಿಗೂ ಹಳೆಯ ನಂಟು. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ದೊಡ್ಡ ಗಣಕಗಳಲ್ಲಿ ಒಂದಾದ ಟಿಫ್ರಾಕ್, ಇಲ್ಲಿನ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕಿಳಿಯಿತು. 1962ರಲ್ಲಿ ಅದಕ್ಕೆ ಆ ಹೆಸರಿಟ್ಟವರು ಪ್ರಧಾನಿ ನೆಹರೂ. ಅದರ ನೆನಪು ಫೆರೈಟ್ ಎಂಬ ಕಾಂತವಸ್ತುವಿನ ಪುಟ್ಟ ಉಂಗುರಗಳಲ್ಲಿತ್ತು. ತಂತಿಯಲ್ಲಿ ಪೋಣಿಸಿದ ಪ್ರತಿ ಉಂಗುರಕ್ಕೂ ಒಂದು ಬಿಟ್. ಒಂದು ದಿಕ್ಕಿಗೆ ಕಾಂತವಾದರೆ ಸೊನ್ನೆ, ಇನ್ನೊಂದು ದಿಕ್ಕಿಗಾದರೆ ಒಂದು. ತಲಾ 40 ಬಿಟ್‌ಗಳ 2,048 ಪದಗಳು. ಗುಣಿಸಿದರೆ 81,920 ಬಿಟ್, ಅಂದರೆ ಬರೋಬ್ಬರಿ 10 ಕೆಬಿ. ಚಿಕ್ಕಪ್ಪನಿಗೆ ನಾವು ತಂದ 500 ಜಿಬಿಯ ಡ್ರೈವ್‌ನಲ್ಲಿ ಅಂತಹ ನಾಲ್ಕೂಮುಕ್ಕಾಲು ಕೋಟಿಗೂ ಹೆಚ್ಚು ಯಂತ್ರಗಳ ನೆನಪು ಹಿಡಿಯುತ್ತದೆ. ಅದರ ತೂಕ ಒಂದು ಬಿಸ್ಕತ್ ಪೊಟ್ಟಣದಷ್ಟೂ ಇಲ್ಲ.

ವಿದ್ಯುತ್ ಹೋದರೂ ಫೆರೈಟ್ ಉಂಗುರದ ನೆನಪು ಅಳಿಯುತ್ತಿರಲಿಲ್ಲ. ಆ ಗುಣವನ್ನು ಸಿಲಿಕಾನ್‌ನಲ್ಲಿ ತರುವ ದಾರಿಯನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡೌನ್ ಕಾಂಗ್ ಮತ್ತು ಸೈಮನ್ ಝೀ ತೋರಿಸಿದರು. ಟ್ರಾನ್ಸಿಸ್ಟರಿನೊಳಗೆ ಸುತ್ತಲೂ ನಿರೋಧಕ ಗೋಡೆಯಿರುವ ಒಂದು ಪುಟ್ಟ ಕೋಣೆ. ಅದರೊಳಗೆ ಎಲೆಕ್ಟ್ರಾನುಗಳನ್ನು ತುಂಬಿಬಿಟ್ಟರೆ ಹೊರಬರಲು ದಾರಿಯಿಲ್ಲ. ಕೋಣೆ ತುಂಬಿದ್ದರೆ ಟ್ರಾನ್ಸಿಸ್ಟರ್ ಒಂದು ರೀತಿ, ಖಾಲಿಯಿದ್ದರೆ ಇನ್ನೊಂದು ರೀತಿ ವರ್ತಿಸುತ್ತದೆ. ಅದನ್ನು ಗಮನಿಸುವುದೇ ಓದುವಿಕೆ.

ದಾರಿಯಿಲ್ಲದ ಕೋಣೆಗೆ ಎಲೆಕ್ಟ್ರಾನ್ ಹೋಗುವುದಾದರೂ ಹೇಗೆ? ಇಲ್ಲಿ ಕ್ವಾಂಟಂ ಲೋಕದ ನಿಯಮ ನೆರವಿಗೆ ಬರುತ್ತದೆ. ಗೋಡೆ ಕೆಲವೇ ನ್ಯಾನೊಮೀಟರ್ ದಪ್ಪವಿದ್ದು, ಸುಮಾರು 20 ವೋಲ್ಟಿನ ಒತ್ತಡ ಬಿದ್ದರೆ, ಗೋಡೆಯನ್ನು ಹತ್ತಿಳಿಯುವ ಶಕ್ತಿಯಿಲ್ಲದ ಎಲೆಕ್ಟ್ರಾನೂ ಅದರಾಚೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸುರಂಗನ ಎಂದು ಹೆಸರು. ಒತ್ತಡ ತೆಗೆದರೆ ಎಲೆಕ್ಟ್ರಾನ್ ಅಲ್ಲೇ ಸೆರೆ. ಇವತ್ತಿನ ಹೆಚ್ಚಿನ ಡ್ರೈವ್‌ಗಳಲ್ಲಿ ಕೋಣೆಯ ಜಾಗದಲ್ಲಿ ಎಲೆಕ್ಟ್ರಾನನ್ನು ಹಿಡಿದಿಡುವ ಸಿಲಿಕಾನ್ ನೈಟ್ರೈಡ್ ಪದರವಿರುತ್ತದೆ, ತತ್ವ ಒಂದೇ.

ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುವೊಕ ಈ ಕೋಶಗಳನ್ನು ಗುಂಪುಗುಂಪಾಗಿ ಒಮ್ಮೆಲೇ ಅಳಿಸುವ ವಿನ್ಯಾಸವನ್ನು 1984ರಲ್ಲಿ ಲೋಕದ ಮುಂದಿಟ್ಟರು. ಒಂದೇ ಏಟಿಗೆ ಎಲ್ಲವೂ ಅಳಿಯುವುದು ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಂತಿದೆ ಎಂದು ಅವರ ಸಹೋದ್ಯೋಗಿ ಹೇಳಿದ ಮಾತಿನಿಂದ 'ಫ್ಲ್ಯಾಶ್' ಎಂಬ ಹೆಸರು ಬಂತು. ನಾವೀಗ ಕೊಳ್ಳುವ ಎಸ್‌ಎಸ್‌ಡಿಯ ಜೀವಾಳವಾದ ನ್ಯಾಂಡ್ ಫ್ಲ್ಯಾಶ್ 1987ರಲ್ಲಿ ಬಂತು. 2013ರಿಂದೀಚೆಗೆ ಕೋಶಗಳನ್ನು ಅಕ್ಕಪಕ್ಕದ ಬದಲು ಒಂದರ ಮೇಲೊಂದು ಮಹಡಿಗಳಾಗಿ ಕಟ್ಟುವುದು ಶುರುವಾಯಿತು. ಮೊದಲು 24 ಮಹಡಿ. ಈಗ ಇನ್ನೂರನ್ನೂ ದಾಟಿದೆ. ಜಾಗ ಸಾಲದ ನಗರ ಮೇಲಕ್ಕೆ ಬೆಳೆಯುವುದನ್ನು ಮುಂಬಯಿಯವರಿಗೆ ವಿವರಿಸಿ ಹೇಳಬೇಕಿಲ್ಲ.

'ಕ' ಎಂದು ಬರೆಯಲು ಎಷ್ಟು ಕೋಶ ಬೇಕು?

ಅಂಗಡಿಯಲ್ಲಿ ನಿಮಗೆ ಕೇಳಿಸುವ ಮೂರಕ್ಷರದ ಹೆಸರುಗಳು, ಎಸ್‌ಎಲ್‌ಸಿ, ಎಂಎಲ್‌ಸಿ, ಟಿಎಲ್‌ಸಿ, ಕ್ಯೂಎಲ್‌ಸಿ, ಇವು ಒಂದು ಕೋಶದಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಎಂಬುದನ್ನು ಹೇಳುತ್ತವೆ. ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು.

ಯುನಿಕೋಡ್ ಕಡತದಲ್ಲಿ 'ಕ' ಎಂಬ ಅಕ್ಷರಕ್ಕೆ ಸಾಮಾನ್ಯವಾಗಿ ಮೂರು ಬೈಟ್, ಅಂದರೆ 24 ಬಿಟ್ ಬೇಕು. ಟಿಫ್ರಾಕ್ ಕಾಲದಲ್ಲಾದರೆ 24 ಉಂಗುರ. ಎಸ್‌ಎಲ್‌ಸಿಯಲ್ಲಿ 24 ಕೋಶ, ಟಿಎಲ್‌ಸಿಯಲ್ಲಿ 8, ಕ್ಯೂಎಲ್‌ಸಿಯಲ್ಲಿ 6. 'ಕನ್ನಡ' ಎಂಬ ಪದಕ್ಕೆ ಒತ್ತಕ್ಷರದ ಹಲಂತವನ್ನೂ ಸೇರಿಸಿ ಐದು ಸಂಕೇತಗಳು, 120 ಬಿಟ್. ಟಿಎಲ್‌ಸಿಯಲ್ಲಿ 40 ಕೋಶ, ಕ್ಯೂಎಲ್‌ಸಿಯಲ್ಲಿ 30. ಕೋಶ ಕಡಿಮೆಯಾದಷ್ಟೂ ಡ್ರೈವ್ ಅಗ್ಗ.

ಅಗ್ಗವಾಗುವುದಕ್ಕೆ ತೆರುವ ಬೆಲೆ ಬೇರೆ ಕಡೆಯಿದೆ. ಎಸ್‌ಎಲ್‌ಸಿ ಕೋಶದಲ್ಲಿ ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಿದರಾಯಿತು. ಟಿಎಲ್‌ಸಿಯಲ್ಲಿ 8 ಮಟ್ಟಗಳನ್ನೂ ಕ್ಯೂಎಲ್‌ಸಿಯಲ್ಲಿ 16 ಮಟ್ಟಗಳನ್ನೂ ಗುರುತಿಸಬೇಕು. ಒಂದೇ ಲೋಟದಲ್ಲಿ ಹದಿನಾರು ಗೆರೆ ಎಳೆದು, ನೀರು ಯಾವ ಗೆರೆಯ ತನಕ ಇದೆ ಎಂದು ನೋಡಿದಂತೆ. ಗೆರೆ ಒತ್ತೊತ್ತಾದಷ್ಟೂ ಸುರಿಯುವಾಗ ನಿಧಾನ ಬೇಕು, ಓದುವಾಗ ಎಚ್ಚರ ಬೇಕು. ತುಸು ಸೋರಿದರೂ ಗೆರೆ ತಪ್ಪುತ್ತದೆ. ಎಲೆಕ್ಟ್ರಾನುಗಳನ್ನು ಗೋಡೆಯ ಮೂಲಕ ನುಗ್ಗಿಸುವ ಪ್ರತಿಸಲವೂ ಗೋಡೆ ಕಿಂಚಿತ್ತು ಸವೆಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಎಸ್‌ಎಲ್‌ಸಿ ಕೋಶ ಲಕ್ಷದ ಸಮೀಪ ಸಲ ಬರೆದಳಿಸುವುದನ್ನು ತಾಳಿಕೊಂಡರೆ ಟಿಎಲ್‌ಸಿಯದು ಸಾವಿರಗಳ ಲೆಕ್ಕ. ಕ್ಯೂಎಲ್‌ಸಿಯದು ಅದಕ್ಕೂ ಕಡಿಮೆ.

ಚಾಳು, ಟ್ರಾನ್ಸಿಟ್ ಕ್ಯಾಂಪು ಮತ್ತು ಕಂಟ್ರೋಲರ್

ಫ್ಲ್ಯಾಶ್‌ಗೆ ಇನ್ನೊಂದು ವಿಚಿತ್ರ ಸ್ವಭಾವವಿದೆ. ಬರೆಯುವಾಗ ಪುಟ ಪುಟವಾಗಿ, ಒಮ್ಮೆಗೆ ಹದಿನಾರು ಕೆಬಿಯಷ್ಟು ಬರೆಯಬಹುದು. ಅಳಿಸುವಾಗ ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನೇ ಅಳಿಸಬೇಕು. ಬರೆದ ಪುಟದ ಮೇಲೆ ಮತ್ತೆ ಬರೆಯಲು ಬರುವುದಿಲ್ಲ.

ಗಿರ್ಗಾಂವ್‌ನ ಹಳೆಯ ಚಾಳುಗಳ ಪುನರ್ನಿರ್ಮಾಣ ಕಂಡವರಿಗೆ ಇದು ಹೊಸತಲ್ಲ. ಒಂದು ಖೋಲಿಯನ್ನು ಮಾತ್ರ ಕೆಡವಿ ಹೊಸದಾಗಿ ಕಟ್ಟಲು ಆಗುವುದಿಲ್ಲ. ವಾಸವಿರುವವರನ್ನೆಲ್ಲ ಟ್ರಾನ್ಸಿಟ್ ಕ್ಯಾಂಪಿಗೆ ಕಳಿಸಿ, ಇಡೀ ಕಟ್ಟಡ ಕೆಡವಿ, ಆಮೇಲೆ ಕಟ್ಟಬೇಕು. ಎಸ್‌ಎಸ್‌ಡಿಯೊಳಗೆ ಹಗಲೂ ರಾತ್ರಿ ಇದೇ ನಡೆಯುತ್ತದೆ. ಯಾವ ಬ್ಲಾಕಿನಲ್ಲಿ ಎಷ್ಟು ಪುಟ ಇನ್ನೂ ಬೇಕು ಎಂದು ನೋಡಿ, ಬೇಕಾದವನ್ನು ಬೇರೆ ಬ್ಲಾಕಿಗೆ ಸಾಗಿಸಿ, ಹಳೆಯದನ್ನು ಅಳಿಸಿ ಸಿದ್ಧವಾಗಿಡುವ ಮೇಸ್ತ್ರಿಗೆ ಕಂಟ್ರೋಲರ್ ಎಂದು ಹೆಸರು. ಒಂದೇ ಬ್ಲಾಕ್ ಬೇಗ ಸವೆಯದಂತೆ ಕೆಲಸವನ್ನು ಎಲ್ಲ ಬ್ಲಾಕ್‌ಗಳಿಗೂ ಸಮನಾಗಿ ಹಂಚುವುದೂ ಅದರ ಹೊಣೆ. ನೀವು ಅಳಿಸಿದ ಕಡತ ಇನ್ನು ಬೇಡವೆಂದು ಆಪರೇಟಿಂಗ್ ಸಿಸ್ಟಂ ಅದಕ್ಕೆ ತಿಳಿಸುವ ಆಜ್ಞೆಯೇ ಟ್ರಿಮ್.

ಟ್ರಾನ್ಸಿಟ್ ಕ್ಯಾಂಪಿಗೆ ಜಾಗವೇ ಇಲ್ಲದಿದ್ದರೆ ಮೇಸ್ತ್ರಿ ಏನು ಮಾಡಿಯಾನು? ಆದ್ದರಿಂದ ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಬಾರದು. ಶೇ. 10ರಿಂದ 20ರಷ್ಟು ಜಾಗ ಯಾವತ್ತೂ ಖಾಲಿಯಿರಲಿ. ಕೊಳ್ಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಬ್ಬಿಯ ಮೇಲಿನ 500 ಜಿಬಿ ವಿಂಡೋಸಿನಲ್ಲಿ 465 ಎಂದು ಕಾಣುತ್ತದೆ. ಇದರಲ್ಲಿ ಮೋಸವಿಲ್ಲ: ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆ ಎಂದು ಎಣಿಸುತ್ತದೆ. ನಿಮ್ಮ ಕಡತಗಳು ಈಗ 300 ಜಿಬಿ ಇದ್ದರೆ 500 ಸಾಕು. 400 ದಾಟಿದ್ದರೆ ಒಂದು ಟಿಬಿಯೇ ಸರಿ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮುನ್ನ

ಬೆಂಗಳೂರಿಗೆ ಎಸ್‌.ಪಿ. ರೋಡ್ ಹೇಗೋ ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ ಹಾಗೆ. 1903ರಿಂದ 1907ರ ತನಕ ಬೊಂಬಾಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರು ಅದು. ಈಗಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಜನರ ಬಾಯಲ್ಲಿ ಹಳೆಯದೇ. ಡೊಂಬಿವಲಿಯಿಂದ ದಾದರ್‌ಗೆ ಬಂದು, ಪಶ್ಚಿಮ ರೈಲ್ವೆಯ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಆಯಿತು. ಆ ಬೀದಿಯ ಪುಟ್ಟ ಅಂಗಡಿಗಳಲ್ಲಿ ಸಿಗದ ಕಂಪ್ಯೂಟರ್ ಸಾಮಾನು ಅಪರೂಪ.

ಕೌಂಟರಿನ ಆಚೆಯವನು ಕೇಳುವ ಮೊದಲ ಪ್ರಶ್ನೆ: "ಸಾಟಾ ಚಾಹಿಯೇ ಯಾ ಎನ್‌ವಿಎಂಇ?" ಡ್ರೈವ್ ಕಂಪ್ಯೂಟರಿಗೆ ಜೋಡಿಕೊಳ್ಳುವ ಎರಡು ಬಗೆಗಳಿವು. ಇದಕ್ಕೆ ಉತ್ತರ ಮನೆಯಲ್ಲೇ ಕಂಡುಕೊಂಡು ಹೋಗಬೇಕು. ಉತ್ತರ ಇರುವುದು ನಿಮ್ಮ ಮದರ್‌ಬೋರ್ಡಿನ ಮೇಲೆ.

ನಾನು ಚಿಕ್ಕಪ್ಪನ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಒಳಗೆ ಹತ್ತು ವರ್ಷದ ಧೂಳು. ಒರೆಸಿ ಟಾರ್ಚ್ ಹಿಡಿದಾಗ ಬೋರ್ಡಿನ ಅಂಚಿನಲ್ಲಿ ನಾಲ್ಕು ಸಾಟಾ ಸಾಕೆಟ್‌ಗಳು ಕಂಡವು. ಪಕ್ಕದಲ್ಲಿ ಸೂಜಿಯಷ್ಟು ಸಣ್ಣ ಅಕ್ಷರದಲ್ಲಿ ಎರಡಕ್ಕೆ 6 ಗಿಗಾಬಿಟ್ ಎಂದೂ ಎರಡಕ್ಕೆ 3 ಗಿಗಾಬಿಟ್ ಎಂದೂ ಮುದ್ರಿಸಿತ್ತು. ಹಳೆಯ ಡಿಸ್ಕಿನ ವೈರ್ 3ರ ಸಾಕೆಟ್ಟಿಗೆ ಸಿಕ್ಕಿಸಿತ್ತು. ಎನ್‌ವಿಎಂಇ ಡ್ರೈವ್ ಕೂರುವ ಎಂ.2 ಸಾಕೆಟ್ ಇರಲೇ ಇಲ್ಲ. ಅಲ್ಲಿಗೆ ತೀರ್ಮಾನವಾಯಿತು: 2.5 ಅಂಗುಲದ ಸಾಟಾ ಎಸ್‌ಎಸ್‌ಡಿ, 6 ಗಿಗಾಬಿಟ್ ಸಾಕೆಟ್ಟಿಗೆ.

ಈ ಸಾಕೆಟ್ಟಿನ ಮೂಲಕ ಸೆಕೆಂಡಿಗೆ ಹೆಚ್ಚೆಂದರೆ 600 ಎಂಬಿ ಹರಿಯಬಲ್ಲದು. ಡ್ರೈವ್‌ಗಳು 550ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಎನ್‌ವಿಎಂಇ ಡ್ರೈವ್ ಪ್ರೊಸೆಸರ್ ಜೊತೆ ಪಿಸಿಐಇ ಎಂಬ ಅಗಲ ದಾರಿಯಲ್ಲಿ ಮಾತಾಡುತ್ತದೆ. ಆ ದಾರಿಯ ಮೂರನೇ ಪೀಳಿಗೆಯಲ್ಲಿ ಸೆಕೆಂಡಿಗೆ 3,500 ಎಂಬಿ, ನಾಲ್ಕನೆಯದರಲ್ಲಿ 7,000, ಐದನೆಯದರಲ್ಲಿ 14,000 ಎಂಬಿಯ ತನಕ. ಅಂಕಿ ಪ್ರತಿಸಲ ಇಮ್ಮಡಿಯಾಗುತ್ತದೆ. ಕಂಪ್ಯೂಟರ್ ಏಳುವ ಹೊತ್ತು ಮಾತ್ರ ಹಾಗೆ ಅರ್ಧವಾಗುವುದಿಲ್ಲ. ತುಣುಕೊಂದನ್ನು ಓದಲು ಫ್ಲ್ಯಾಶ್ ಕೋಶಕ್ಕೆ ಬೇಕಾದ ಹೊತ್ತು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಅಂತರ ಅಜಗಜಾಂತರ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಪತ್ರ ಬರೆಯುವವರಿಗೆ, ಲೆಕ್ಕ ಇಡುವವರಿಗೆ ಅದು ಗೊತ್ತೇ ಆಗದಷ್ಟು. ವಿಡಿಯೊ ಸಂಕಲನ ಮಾಡುವವರು ದಿನವೂ ನೂರಾರು ಜಿಬಿ ಸಾಗಿಸುವವರು. ಅವರು ವಿರಾರ್ ಪ್ರಯಾಣಿಕರು, ಅವರಿಗೆ ಎನ್‌ವಿಎಂಇ ಬೇಕು.

ನಿಮ್ಮ ಬೋರ್ಡಿನಲ್ಲಿ ಎಂ.2 ಸಾಕೆಟ್ ಇದ್ದರೆ ಎನ್‌ವಿಎಂಇ ತೆಗೆದುಕೊಳ್ಳುವುದೇ ಒಳ್ಳೆಯದು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ, ವೈರುಗಳ ರಗಳೆಯೂ ಇಲ್ಲ. ಆದರೆ ಎರಡು ಎಚ್ಚರಿಕೆ. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಆ ಪಟ್ಟಿಯಲ್ಲಿ ಸಾಟಾ ಡ್ರೈವ್ ಕೂಡ ಬರುತ್ತದೆ. ಎನ್‌ವಿಎಂಇ ಪಟ್ಟಿಯ ಅಂಚಿನಲ್ಲಿ ಸಾಮಾನ್ಯವಾಗಿ ಒಂದು ಕಚ್ಚು, ಸಾಟಾ ಪಟ್ಟಿಗೆ ಎರಡು. ನಿಮ್ಮ ಸಾಕೆಟ್ ಯಾವುದನ್ನು ಒಪ್ಪುತ್ತದೆ ಎಂದು ಬೋರ್ಡಿನ ಕೈಪಿಡಿ ನೋಡಿ. ಎರಡನೆಯದು, ತೀರಾ ಹಳೆಯ ಬೋರ್ಡುಗಳು ಎನ್‌ವಿಎಂಇಯಿಂದ ಏಳಲು ಬಲ್ಲವೇ ಎಂಬುದು. ಅಡಾಪ್ಟರ್ ಹಾಕಿ ಕೂರಿಸಿದರೂ ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ಗೆ ಅದರ ಪರಿಚಯವಿಲ್ಲದಿದ್ದರೆ ಯಂತ್ರ ಏಳದು. ಪೀಳಿಗೆಯ ವಿಷಯದಲ್ಲಿ ಚಿಂತೆ ಬೇಡ: ನಾಲ್ಕನೇ ಪೀಳಿಗೆಯ ಡ್ರೈವ್ ಮೂರನೆಯದರ ಸಾಕೆಟ್ಟಿನಲ್ಲಿ ಮೂರನೆಯದರ ವೇಗಕ್ಕೆ ಹೊಂದಿಕೊಂಡು ಓಡುತ್ತದೆ.

ಡಬ್ಬಿಯ ಹಿಂಬದಿ ಓದುವುದು

ಮುಂಬದಿಯ ವೇಗದ ಅಂಕಿ ಬಿಟ್ಟು ಡಬ್ಬಿಯ ಹಿಂಬದಿಯನ್ನೂ ತಯಾರಕರ ವಿವರಪತ್ರವನ್ನೂ ಓದಿ. ಅಲ್ಲಿ ಮೂರು ವಿಷಯ ಹುಡುಕಿ.

ಮೊದಲನೆಯದು, ಟಿಎಲ್‌ಸಿಯೋ ಕ್ಯೂಎಲ್‌ಸಿಯೋ. ಎರಡೂ ಬಗೆಯ ಡ್ರೈವ್‌ಗಳು ಒಂದಷ್ಟು ಕೋಶಗಳನ್ನು ಎಸ್‌ಎಲ್‌ಸಿಯಂತೆ ಬಳಸಿ, ಬರುವ ಮಾಹಿತಿಯನ್ನು ಅವಸರವಾಗಿ ಅಲ್ಲಿ ಸುರಿದುಕೊಂಡು, ಬಿಡುವಾದಾಗ ಒಳಗೆ ಜೋಡಿಸುತ್ತವೆ. ಆ ಅಂಗಳ ತುಂಬುವ ತನಕ ಎಲ್ಲವೂ ವೇಗ. ತುಂಬಿದ ಮೇಲೆ ನಿಜಬಣ್ಣ ಕಾಣುತ್ತದೆ: ದೊಡ್ಡ ಕಡತ ಬರೆಯುತ್ತಾ ಹೋದರೆ ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು ಹಾರ್ಡ್ ಡಿಸ್ಕಿನ ವೇಗಕ್ಕೂ ಇಳಿಯುತ್ತವೆ. ಆಪರೇಟಿಂಗ್ ಸಿಸ್ಟಂ ಇರುವ ಡ್ರೈವ್‌ಗೆ ಟಿಎಲ್‌ಸಿ ತನ್ನಿ. ಫೋಟೊ, ಸಂಗೀತ ಇಟ್ಟು ಓದುವುದಕ್ಕಷ್ಟೇ ಆದರೆ ಕ್ಯೂಎಲ್‌ಸಿ ಸಾಕು.

ಎರಡನೆಯದು, ಡಿರಾಮ್ ಇದೆಯೇ ಎಂಬುದು. ಯಾವ ಕಡತ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಕಂಟ್ರೋಲರ್ ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆಂದೇ ಪ್ರತ್ಯೇಕ ಡಿರಾಮ್ ಚಿಪ್ ಇದ್ದರೆ ಹುಡುಕಾಟ ಚುರುಕು. ಡಿರಾಮ್ ಇಲ್ಲದ ಎನ್‌ವಿಎಂಇ ಡ್ರೈವ್‌ಗಳು ಕಂಪ್ಯೂಟರಿನ ರಾಮ್‌ನಿಂದಲೇ ಸ್ವಲ್ಪ ಜಾಗ ಸಾಲ ಪಡೆಯುತ್ತವೆ. ಮನೆಬಳಕೆಗೆ ಅದು ನಡೆಯುತ್ತದೆ. ಸಾಟಾ ಡ್ರೈವ್‌ಗಳಿಗೆ ಆ ಸಾಲದ ಸೌಲಭ್ಯವಿಲ್ಲ. ಹಾಗಾಗಿ ಸಾಟಾ ಕೊಳ್ಳುವವರು ಡಿರಾಮ್ ಇರುವುದಕ್ಕೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೂರನೆಯದು, ಟಿಬಿಡಬ್ಲ್ಯು. ವಾರಂಟಿ ಅವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಎಂಬ ತಯಾರಕರ ಮಾತು ಅದು. ಸ್ಯಾಮ್‌ಸಂಗ್‌ನ ಎರಡು ಸಾಟಾ ಡ್ರೈವ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಟಿಎಲ್‌ಸಿ ಇರುವ 870 ಎವೊದ ಒಂದು ಟಿಬಿ ಮಾದರಿಗೆ 600 ಟಿಬಿ, 5 ವರ್ಷ. ಕ್ಯೂಎಲ್‌ಸಿ ಇರುವ 870 ಕ್ಯುವಿಒದ ಅದೇ ಗಾತ್ರಕ್ಕೆ 360 ಟಿಬಿ, 3 ವರ್ಷ. ಗೋಡೆ ಸವೆಯುವ ಭೌತವಿಜ್ಞಾನ ವಾರಂಟಿ ಚೀಟಿಯಲ್ಲಿ ಹೀಗೆ ಅಂಕಿಯಾಗಿ ಕೂತಿದೆ.

ಸವೆತದ ಭಯದಿಂದ ಎಸ್‌ಎಸ್‌ಡಿ ಬೇಡ ಎನ್ನುವವರೂ ಇದ್ದಾರೆ. ಅವರಿಗೆ ಈ ಲೆಕ್ಕ: ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ ಏಳೂಕಾಲು ಟಿಬಿ. 300 ಟಿಬಿಯ ಡ್ರೈವ್ ಆ ಲೆಕ್ಕದಲ್ಲಿ ಸವೆಯಲು ನಲವತ್ತು ವರ್ಷ ಬೇಕು. ಅಷ್ಟರೊಳಗೆ ಯಂತ್ರವೇ ಬದಲಾಗಿರುತ್ತದೆ.

ಕೊಳ್ಳುವಾಗ ಜಿಎಸ್‌ಟಿ ಸಹಿತ ಪಕ್ಕಾ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ, ಆ ಉಳಿತಾಯದ ಜೊತೆ ಐದು ವರ್ಷದ ವಾರಂಟಿಯೂ ಹೋಯಿತೆಂದು ತಿಳಿಯಿರಿ. ಡಬ್ಬಿಯ ಸೀರಿಯಲ್ ನಂಬರೂ ಡ್ರೈವ್ ಮೇಲಿನ ನಂಬರೂ ಒಂದೇ ಇರಬೇಕು. ಮನೆಗೆ ತಂದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ: ಎಷ್ಟು ಗಂಟೆ ಓಡಿದೆ, ಎಷ್ಟು ಜಿಬಿ ಬರೆದಿದೆ ಎಂದು ಡ್ರೈವ್ ತಾನೇ ಹೇಳುತ್ತದೆ. ಹೊಸ ಡ್ರೈವ್‌ನಲ್ಲಿ ಆ ಅಂಕಿಗಳು ಸೊನ್ನೆಯ ಹತ್ತಿರ ಇರಬೇಕು. ಸಾವಿರ ಗಂಟೆ ತೋರಿಸಿದರೆ ಅದು ಯಾರೋ ಬಳಸಿದ್ದು.

ಮನೆ ಬದಲಾಯಿಸುವಾಗ ಪಾತ್ರೆ ಬಿಡಬೇಡಿ

ಹಳೆಯ ಡಿಸ್ಕಿನಿಂದ ಹೊಸದಕ್ಕೆ ಹೋಗಲು ಎರಡು ದಾರಿ. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುವುದು ಒಂದು. ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವುದು ಇನ್ನೊಂದು. ಹೊಸ ಸ್ಥಾಪನೆ ಶುಭ್ರ ಎನ್ನುತ್ತಾರೆ, ನಿಜ. ಕನ್ನಡದಲ್ಲಿ ಕೆಲಸ ಮಾಡುವವರು ಮಾತ್ರ ಒಂದು ಕ್ಷಣ ನಿಲ್ಲಬೇಕು.

ಚಿಕ್ಕಪ್ಪನ ಡಿಸ್ಕಿನಲ್ಲಿ ಹದಿನೈದು ವರ್ಷದ ಸ್ಮರಣ ಸಂಚಿಕೆಗಳಿದ್ದವು. ಹಳೆಯ ಯಂತ್ರದಿಂದ ಈ ಯಂತ್ರಕ್ಕೆ ತಂದವೂ ಅದರಲ್ಲಿದ್ದವು. ಹೆಚ್ಚಿನವು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದವು. ಯುನಿಕೋಡ್ ರೂಢಿಯಾಗುವ ಮುಂಚಿನ ಆ ಕಡತಗಳಲ್ಲಿ ಕಂಪ್ಯೂಟರಿನ ದೃಷ್ಟಿಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಫಾಂಟ್ ಹೋದರೆ ಹಿರಿಯರ ನೆನಪಿನ ಬರಹಗಳು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅದಕ್ಕೇ ನಾವು ನಕಲಿನ ದಾರಿ ಹಿಡಿದೆವು. ಫಾಂಟ್‌ಗಳನ್ನು ಬೇರೆ ಫೋಲ್ಡರಿನಲ್ಲಿ ತೆಗೆದಿಟ್ಟೆವು. ಆಮೇಲಿನ ಭಾನುವಾರಗಳಲ್ಲಿ ಒಂದೊಂದೇ ಸಂಚಿಕೆಯನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲದ ಜೊತೆ ಹೋಲಿಸಿ ತಿದ್ದಿದೆವು. ನಿಮ್ಮ ಮನೆಯಲ್ಲೂ ಅಂತಹ ಕಡತಗಳಿದ್ದರೆ ಡಿಸ್ಕ್ ಬದಲಿಸುವ ಈ ಹೊತ್ತೇ ಅದಕ್ಕೆ ಸಕಾಲ.

ಇನ್ನೊಂದು ಮಾತು. ಎಸ್‌ಎಸ್‌ಡಿ ವೇಗ ಕೊಡುತ್ತದೆ. ಆಪರೇಟಿಂಗ್ ಸಿಸ್ಟಮಿನ ಆಯುಷ್ಯ ಹೆಚ್ಚಿಸುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗದಿದ್ದರೆ, ಲಿನಕ್ಸ್ ಅದೇ ಯಂತ್ರದಲ್ಲಿ ಎಸ್‌ಎಸ್‌ಡಿಯೊಡನೆ ಚೆನ್ನಾಗಿ ಓಡುತ್ತದೆ.

ಯಾವ ಡ್ರೈವೂ ಚಿರಂಜೀವಿಯಲ್ಲ

ಎಸ್‌ಎಸ್‌ಡಿಗೆ ಬಿದ್ದರೆ ಒಡೆಯುವ ತಟ್ಟೆಯಿಲ್ಲ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಅದು ಕೈಕೊಡುವ ರೀತಿಯೇ ಬೇರೆ. ಹಾರ್ಡ್ ಡಿಸ್ಕ್ ಅನೇಕ ಸಲ ಕಟಕಟ ಎಂದು ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ನಿನ್ನೆ ಸಂಜೆ ಸರಿಯಿದ್ದದ್ದು ಇವತ್ತು ಬೆಳಿಗ್ಗೆ ಕಾಣಿಸದೇ ಹೋಗಬಹುದು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೂ ಅಪಾಯವಿದೆ. ಮುಂಬಯಿಯಲ್ಲಿ ಕರೆಂಟ್ ಹೋಗುವುದು ಅಪರೂಪ, ಹಾಗೆಂದು ಹೋಗುವುದೇ ಇಲ್ಲ ಎಂದಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ನಗರವೂ ಉಪನಗರಗಳೂ ಒಟ್ಟಿಗೇ ಕತ್ತಲಾಗಿ ಲೋಕಲ್ ರೈಲುಗಳೂ ನಿಂತಿದ್ದವು. ಡೆಸ್ಕ್‌ಟಾಪ್ ಇರುವವರಿಗೆ ಒಂದು ಚಿಕ್ಕ ಯುಪಿಎಸ್ ಬೇಕೇ ಬೇಕು.

ಎಸ್‌ಎಸ್‌ಡಿಯಲ್ಲಿ ಕಡತ ತುಂಬಿ ಗೋದ್ರೇಜ್ ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದೂ ಸರಿಯಲ್ಲ. ಸೆರೆಯಲ್ಲಿರುವ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಸೆಕೆ ಹೆಚ್ಚಿದಷ್ಟೂ, ಗೋಡೆ ಸವೆದಷ್ಟೂ ಬೇಗ. ಪೂರ್ತಿ ಸವೆದ ಮನೆಬಳಕೆಯ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಉದ್ಯಮದ ಮಾನದಂಡಕ್ಕೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ನಿಜ. ಆದರೂ ಎತ್ತಿಡಲು ಕಾಂತದ ತಟ್ಟೆಯೇ ವಾಸಿ.

ಅದಕ್ಕೇ ಚಿಕ್ಕಪ್ಪನ ಹಳೆಯ ಡಿಸ್ಕನ್ನು ನಾವು ಎಸೆಯಲಿಲ್ಲ. ದೋಷವಿಲ್ಲವೆಂದು ಪರೀಕ್ಷಿಸಿ, ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಕೂರಿಸಿದೆವು. ಕಂಪ್ಯೂಟರನ್ನು ಎಬ್ಬಿಸುವ ಕೆಲಸಕ್ಕೆ ಅದು ನಿಧಾನವಾಗಿತ್ತು. ತಿಂಗಳಿಗೊಮ್ಮೆ ಎಲ್ಲ ಕಡತಗಳ ಪ್ರತಿ ತೆಗೆದಿಡುವ ಕೆಲಸಕ್ಕೆ ಧಾರಾಳ ಸಾಕು. ಇನ್ನೊಂದು ಪ್ರತಿ ಊರಿನಲ್ಲಿರುವ ಅವರ ಮಗಳ ಮನೆಗೆ ಹೋಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ನಗರವಿದು. ಒಂದೇ ಮನೆಯಲ್ಲಿಟ್ಟ ಎರಡು ಪ್ರತಿಗಳನ್ನು ಒಂದೇ ಪ್ರತಿ ಎಂದು ಎಣಿಸಬೇಕು.

ಈಗ ಚಿಕ್ಕಪ್ಪ ಚಾ ಲೋಟ ಹಿಡಿದುಕೊಂಡೇ ಗುಂಡಿ ಒತ್ತುತ್ತಾರೆ. ಹದಿನೆಂಟು ಸೆಕೆಂಡಿನಲ್ಲಿ ಪರದೆ ಸಿದ್ಧ. ಚಾ ಇನ್ನೂ ಬಿಸಿಯಿರುತ್ತದೆ. ನಿಮ್ಮ ಯಂತ್ರವೂ ನಿಧಾನವಾಗಿದ್ದರೆ ಹೊಸತು ಕೊಳ್ಳುವ ಮೊದಲು ಡಿಸ್ಕಿನ ಸಾಲಿನಲ್ಲಿ ಎಷ್ಟು ಶೇಕಡಾ ಇದೆ ಎಂದು ನೋಡಿ. ಸಾಕೆಟ್ ನೋಡಿಕೊಂಡು, ಹೆಸರಾಂತ ತಯಾರಕರ ಟಿಎಲ್‌ಸಿ ಡ್ರೈವ್ ಒಂದನ್ನು ಪಕ್ಕಾ ಬಿಲ್ ಸಮೇತ ತನ್ನಿ. ಅತಿವೇಗದ ಡ್ರೈವ್‌ಗೆ ಕೊಡಬೇಕಿದ್ದ ಹೆಚ್ಚಿನ ಹಣವನ್ನು ಪ್ರತಿ ಇಡುವ ಎರಡನೇ ಡಿಸ್ಕಿಗೆ ಹಾಕಿ. ಡ್ರೈವ್ ಸತ್ತರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಅದರೊಳಗಿದ್ದ ನಿಮ್ಮ ಬರಹ ಸಿಗುವುದಿಲ್ಲ.